ಚಿತ್ರಕ್ರಮವಿಧಿಯಲ್ಲಿ ದೋಷಶೋಧನೆ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರವು ಮಾಡತಕ್ಕ ಕಾರ್ಯವನ್ನು ಹಂತಹಂತವಾಗಿ ತಿಳಿಸುವ ವಿಧಿಸಮುದಾಯಕ್ಕೆ ಕನ್ನಡದಲ್ಲಿ 'ಕ್ರಮವಿಧಿ' ಎಂಬ ಹೆಸರು ರೂಢವಾಗಿದೆ. ಈ ವಿಧಿಗಳ ಫಲವು ತೆರೆಯ ಮೇಲೆ ಚಿತ್ರವಾಗಿ ಮೂಡುವ ಪದ್ಧತಿಯನ್ನೂ, ವಿಧಿಗಳನ್ನೇ ಚಿತ್ರರೂಪವಾದ ತುಂಡುಗಳಾಗಿಸಿ ಒಂದಕ್ಕೊಂದು ಹೊಂದಿಸುವ ಪದ್ಧತಿಯನ್ನೂ ಇಲ್ಲಿ ಒಟ್ಟಾಗಿ 'ಚಿತ್ರಕ್ರಮವಿಧಿ' ಎಂದು ಕರೆದಿದೆ. ಇದು ವಿಜ್ಞಾನಿಗಳ ವಿಷಯವೆಂದು ಭಾಷಾಪಂಡಿತರು ಕೈಬಿಡುವುದುಂಟು. ಆದರೆ ವಿಧಿಯೆಂಬುದು ಒಂದು ವಾಕ್ಯ. ವಾಕ್ಯವಿದ್ದಲ್ಲಿ ಪದಕ್ರಮವುಂಟು, ಅಕ್ಷರವುಂಟು, ದೋಷವುಂಟು, ದೋಷಪರಿಹಾರವೂ ಉಂಟು. ಈ ನಾಲ್ಕೂ ವ್ಯಾಕರಣವನ್ನು ಓದಿದವರಿಗೆ ಚಿರಪರಿಚಿತವಾದುವೇ ಆಗಿರುವುದರಿಂದ, ಈ ವಿದ್ಯೆಯ ಚರಿತ್ರೆಯನ್ನು ಅವರ ದೃಷ್ಟಿಯಿಂದ ಪರಿಶೀಲಿಸುವುದು ಅನುಚಿತವಾಗಲಾರದು.

ಕುಂದಾಪುರದ ಪೂರ್ವಕ್ಕೆ ವಾರಾಹೀ ನದಿಯ ದಡದಲ್ಲಿರುವ ಬಸ್ರೂರು ವಿಜಯನಗರದ ಕಾಲದಲ್ಲಿ ಖ್ಯಾತವಾದ ರೇವುಪಟ್ಟಣವಾಗಿದ್ದಿತು. ಅಲ್ಲಿಯ ಮೂಡುಕೇರಿ ಪಡುವಕೇರಿಗಳ ಹಲರ ಹೆಸರು ಶಾಸನಗಳಲ್ಲಿ ಬರುತ್ತದೆ. 1569ರಲ್ಲಿ ಪೋರ್ಚುಗೀಸರು ಆ ರೇವನ್ನು ವಶಪಡಿಸಿಕೊಂಡರು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಪಟ್ಟಣವನ್ನು ಸೂರೆಗೊಂಡನು. ಹಡಗುಗಳೂ ವ್ಯಾಪಾರವೂ ಹೋದುವು. ಕಲ್ಲಿನ ಬರಹ ಉಳಿಯಿತು. ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ರೇಖಾವಿದ್ಯೆಯೂ ಇಂದಿನವರೆಗೆ ನಡೆದುಬಂದಿದೆ. ನಾಗಮಂಡಲದಲ್ಲಿ ವೈದ್ಯರು ಐದು ಬಣ್ಣದ ಹುಡಿಗಳಿಂದ ನೆಲದ ಮೇಲೆ ಸರ್ಪಾಕೃತಿಯನ್ನು ಬರೆಯುತ್ತಾರೆ. ಪವಿತ್ರಗಂಟುಗಳ ಸಂಖ್ಯೆ ಹದಿನಾರಾದರೆ ಅದು ಪೂರ್ಣಮಂಡಲ. ಒಂದು ಗಂಟಿನಲ್ಲಿ ಗೆರೆಯು ಮೇಲೆ ಹಾಯಬೇಕಾದಲ್ಲಿ ಕೆಳಗೆ ಹಾಯ್ದರೆ ಸರ್ಪದ ಮೈ ಮುಂದಕ್ಕೆ ಕೂಡುವುದಿಲ್ಲ.

ಈ ಎರಡು ವಿದ್ಯೆಗಳು ದೋಷದ ಎರಡು ಸ್ವರೂಪಗಳನ್ನು ತೋರಿಸುತ್ತವೆ. ಹುಡಿಯಲ್ಲಿ ಎಳೆದ ಗೆರೆಯನ್ನು ಒರಸಿ ತಿದ್ದಬಹುದು. ಕಲ್ಲಿನಲ್ಲಿ ಕೊರೆದ ಅಕ್ಷರವನ್ನು ಒರಸಲಾಗದು. ಶಾಸನವನ್ನು ಅಚ್ಚು ಮಾಡುವ ವಿದ್ವಾಂಸನು ಇದ್ದುದನ್ನು ಇದ್ದಂತೆಯೇ ಕೊಟ್ಟು, 'ಹೀಗೆ ಓದತಕ್ಕದ್ದು' ಎಂದು ಟಿಪ್ಪಣಿ ಬರೆಯುತ್ತಾನೆ. ಮಂಡಲ ಬರೆಯುವವರಿಗೆ ಗಣಕವಿದ್ಯೆ ತಿಳಿದಿತ್ತೆಂದು ಇದರಿಂದ ಸಾಧಿಸಲು ಹೊರಡುವುದು ಸಲ್ಲದು. ಇದು ಸಾದೃಶ್ಯವೇ ಹೊರತು ವಂಶಾವಳಿಯಲ್ಲ. ಆದರೂ ಚಿತ್ರಕ್ರಮವಿಧಿಯ ಚರಿತ್ರೆಯಲ್ಲಿ ಯಾವ ದೋಷವು ಹುಡಿಯದು, ಯಾವುದು ಕಲ್ಲಿನದು ಎಂಬ ವಿವೇಕವೇ ಮುಖ್ಯವಾದುದೆಂದು ಮುಂದೆ ತಿಳಿದುಬರುವುದು.

ಈ ವಿದ್ಯೆಯ ಆರಂಭವನ್ನು 1967ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ವಾಲಿ ಫ್ಯೂರ್ಜೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಇವರು ಸಿದ್ಧಪಡಿಸಿದ 'ಲೋಗೋ' ಎಂಬ ಭಾಷೆಯಿಂದ ಎಣಿಸಬಹುದು. ಮಕ್ಕಳಿಗಾಗಿಯೇ ಹುಟ್ಟಿದ ಈ ಭಾಷೆಗೆ ಸ್ವಲ್ಪ ಕಾಲದಲ್ಲಿಯೇ 'ಆಮೆ' ಬಂದು ಸೇರಿತು. ಮೊದಲು ಅದು ನೆಲದ ಮೇಲೆ ಲೇಖನಿಯನ್ನೆಳೆದು ಚಲಿಸುವ ಯಂತ್ರ. ಆಮೇಲೆ ತೆರೆಯ ಮೇಲಿನ ಗುರುತು. ಆಮೆಗೆ ತಿಳಿಯುವುದು ಮುಂದೆ ಹೋಗುವುದು, ಹಿಂದೆ ಬರುವುದು, ಎಡಬಲಗಳಿಗೆ ತಿರುಗುವುದು, ಲೇಖನಿಯನ್ನು ಎತ್ತುವುದು ಇಳಿಸುವುದು, ಇಷ್ಟೇ. ನೂರು ಹೆಜ್ಜೆ ನಡೆದು ತೊಂಬತ್ತು ಅಂಶ ತಿರುಗುವುದನ್ನು ನಾಲ್ಕು ಸಲ ಮಾಡಿದರೆ ಚತುರಶ್ರವಾಗುತ್ತದೆ.

ಸಮಭುಜ ತ್ರಿಕೋಣವನ್ನು ಬರೆಯಹೊರಟ ವಿದ್ಯಾರ್ಥಿಯು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ತ್ರಿಕೋಣದ ಒಳಗಣ ಕೋನ 60 ಅಂಶವೆಂದು ಕಲಿತವನು ಆಮೆಗೂ 60 ಅಂಶ ತಿರುಗೆಂದು ಹೇಳುತ್ತಾನೆ. ಮೂರು ಸಲ ನಡೆದ ಆಮೆಯು ಹೊರಟಲ್ಲಿಗೆ ಮರಳುವುದಿಲ್ಲ. ಷಟ್ಕೋಣದ ಅರ್ಧವನ್ನು ಬರೆದು ನಿಲ್ಲುತ್ತದೆ. ಆಗ ವಿದ್ಯಾರ್ಥಿಯು ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಬೇಕು. ನಡೆಯುವವನು ತಿರುಗುವುದು ಒಳಗಣ ಕೋನದಷ್ಟಲ್ಲ, ಹೊರಗಣ ಕೋನದಷ್ಟು. ಸುತ್ತಿ ಬಂದು ಮೊದಲಿನ ದಿಕ್ಕಿಗೇ ಮುಖಮಾಡಿ ನಿಲ್ಲಬೇಕಾದರೆ ಒಟ್ಟು ತಿರುವು 360 ಅಂಶವಾಗಬೇಕು. ಮೂರು ಮೂಲೆಗಳಿಗೆ ಹಂಚಿದರೆ ಒಂದೊಂದಕ್ಕೆ 120. ತಪ್ಪಿನ ಕಾರಣವನ್ನು ಹುಡುಕುವಲ್ಲಿ ಅವನಿಗೆ ಒಂದು ಪ್ರಮೇಯವೇ ದೊರೆಯಿತು. 1980ರಲ್ಲಿ ಪ್ರಕಟವಾದ 'ಮೈಂಡ್‌ಸ್ಟಾರ್ಮ್ಸ್' ಎಂಬ ಗ್ರಂಥದಲ್ಲಿ ಪ್ಯಾಪರ್ಟ್ ಮಹಾಶಯರು ಪ್ರತಿಪಾದಿಸಿದ ಮುಖ್ಯ ವಿಷಯವೂ ಇದೇ. ಕ್ರಮವಿಧಿಯನ್ನು ಸರಿ ತಪ್ಪು ಎಂದು ಎರಡಾಗಿ ವಿಭಾಗಿಸುವುದಕ್ಕಿಂತ, ಅದು ತಿದ್ದಿಕೊಳ್ಳತಕ್ಕದ್ದೇ ಎಂದು ವಿಚಾರಿಸುವುದೇ ವಿದ್ಯೆಗೆ ದಾರಿ ಎಂಬುದು ಅವರ ಮತ.

ಯಂತ್ರದೋಷಕ್ಕೆ ಆಂಗ್ಲರು 'ಹುಳು' ಎಂಬ ಅರ್ಥದ ಶಬ್ದವನ್ನು ಬಳಸುತ್ತಾರೆ. 1947ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗಣಕದೊಳಗೆ ಒಂದು ಪತಂಗವು ಸಿಕ್ಕಿಬಿದ್ದುದನ್ನು ದಿನಚರಿಯ ಪುಟಕ್ಕೆ ಅಂಟಿಸಿಟ್ಟ ವೃತ್ತಾಂತವು ಪ್ರಸಿದ್ಧವಾಗಿದೆ. ಆದರೆ ಶಬ್ದವು ಆ ಘಟನೆಯಿಂದ ಹುಟ್ಟಿದುದೆಂಬ ನಂಬಿಕೆ ಸರಿಯಲ್ಲ. 1870ರ ದಶಕದಲ್ಲಿಯೇ ಎಡಿಸನ್ ಅದನ್ನು ಈ ಅರ್ಥದಲ್ಲಿ ಪ್ರಯೋಗಿಸಿದ್ದನು. ಹುಳುವನ್ನು ಹಿಡಿಯುವ ಉಪಾಯವಂತೂ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಚಿತ್ರವು ಮೂಡದಿದ್ದರೆ ಅಭ್ಯಾಸಿಯು ಒಂದು ತುಂಡನ್ನು ತೆಗೆದು ನೋಡುತ್ತಾನೆ, ಮತ್ತೆ ಸೇರಿಸಿ ನೋಡುತ್ತಾನೆ. ಯಾವುದು ಇದ್ದರೆ ದೋಷವಿರುತ್ತದೆ, ಯಾವುದು ಇಲ್ಲದಿದ್ದರೆ ದೋಷವಿರುವುದಿಲ್ಲ ಎಂದು ನಿಶ್ಚಯಿಸುವ ಈ ಕ್ರಮಕ್ಕೆ ತಾರ್ಕಿಕರು ಅನ್ವಯವ್ಯತಿರೇಕವೆಂದು ಹೆಸರಿಟ್ಟಿದ್ದಾರೆ. ಬಹುಪಾಲು ಕಾರಣಗಳು ಅತ್ಯಲ್ಪವಾದುವು: ಲೇಖನಿಯನ್ನು ಇಳಿಸಲು ಮರೆತಿರಬಹುದು, ಆವೃತ್ತಿಯ ಒಳಗಿರಬೇಕಾದ ವಿಧಿಯು ಹೊರಗೆ ಉಳಿದಿರಬಹುದು.

ಲೋಗೋ ಭಾಷೆಯು ಕನ್ನಡಕ್ಕೆ ಬಂದುದು ಡಾ. ಯು. ಬಿ. ಪವನಜ ಅವರ ಪ್ರಯತ್ನದಿಂದ. 1996ರಲ್ಲಿ 'ವಿಶ್ವಕನ್ನಡ'ವೆಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ ಅವರು ಲೋಗೋವಿನ ಕನ್ನಡ ಆವೃತ್ತಿಯನ್ನು ಸಿದ್ಧಪಡಿಸಿ, ಕನ್ನಡ ಶಾಲೆಯ ಮಗುವು ಆಮೆಗೆ ಕನ್ನಡದಲ್ಲಿಯೇ ವಿಧಿ ನೀಡುವುದನ್ನು ಸಾಧ್ಯಮಾಡಿದರು. ಆದರೆ ಲೋಗೋವಿನಂಥ ಭಾಷೆಯನ್ನು ಕನ್ನಡಿಸುವವರಿಗೆ ಶಬ್ದಾಂತರಕ್ಕಿಂತ ಆಳವಾದ ಒಂದು ತೊಡಕು ಎದುರಾಗುತ್ತದೆ. ಆ ಭಾಷೆಯ ವಾಕ್ಯದಲ್ಲಿ ಆಜ್ಞೆಯು ಮೊದಲು, ಪರಿಮಾಣವು ಅನಂತರ. ಇದು ಆಂಗ್ಲದ ಕ್ರಮ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯಾಂತ್ಯದಲ್ಲಿ ನಿಲ್ಲುತ್ತದೆ. 'ನೂರು ಹೆಜ್ಜೆ ಮುಂದೆ ಹೋಗು' ಎಂಬುದು ಕನ್ನಡ. 'ಹೋಗು ಮುಂದೆ ನೂರು' ಎಂಬುದರಲ್ಲಿ ಶಬ್ದಗಳು ಕನ್ನಡವಾದರೂ ವಾಕ್ಯವು ಕನ್ನಡವಲ್ಲ. 'ಹೀಗಾದರೆ' ಎಂಬ ನಿಬಂಧನೆಯ ವಿಷಯವೂ ಹಾಗೆಯೇ. ಆಂಗ್ಲದ ನಿಬಂಧನಾಪದವು ವಾಕ್ಯದ ತಲೆಯಲ್ಲಿರುತ್ತದೆ. ನಮ್ಮ 'ಆದರೆ' 'ಇದ್ದರೆ' ಎಂಬುವು ನಿಬಂಧನೆಯ ಬಾಲದಲ್ಲಿರುತ್ತವೆ.

ಈ ತೊಡಕು ಸಡಿಲವಾದುದು ತುಂಡುಗಳನ್ನು ಜೋಡಿಸುವ ಪದ್ಧತಿ ಬಂದಮೇಲೆ. ಮಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಮಿಚೆಲ್ ರೆಸ್ನಿಕ್ ಅವರ ಬಳಗವು 2007ರಲ್ಲಿ ಲೋಕಕ್ಕೆ ನೀಡಿದ 'ಸ್ಕ್ರ್ಯಾಚ್' ಈ ಪದ್ಧತಿಯಲ್ಲಿ ಪ್ರಸಿದ್ಧವಾದುದು. ಅದರ ಮಾದರಿಯನ್ನೇ ವಿಸ್ತರಿಸಿ ಯೆನ್ಸ್ ಮ್ಯೋನಿಗ್ ಮತ್ತು ಬರ್ಕ್ಲಿಯ ಬ್ರಯಾನ್ ಹಾರ್ವೆ ರಚಿಸಿದ 'ಸ್ನ್ಯಾಪ್' ಎಂಬುದಕ್ಕೆ ಕನ್ನಡದ ಅನುವಾದವೂ ಸೇರಿದೆ. ಇವುಗಳಲ್ಲಿ ಒಂದೊಂದು ವಿಧಿಯೂ ಒಂದು ತುಂಡು. ಅದರ ಮೈಮೇಲೆ ಪೂರ್ಣವಾಕ್ಯವು ಬರೆದಿರುತ್ತದೆ. ಪರಿಮಾಣಕ್ಕಾಗಿ ಒಂದು ಕಿಂಡಿಯಿರುತ್ತದೆ. ಅನುವಾದಕನು ಆ ಕಿಂಡಿಯನ್ನು ತನ್ನ ಭಾಷೆಯ ವಾಕ್ಯಕ್ಕೆ ತಕ್ಕ ಸ್ಥಾನದಲ್ಲಿ ಇರಿಸಬಹುದು. ಆದುದರಿಂದ ಹೆಜ್ಜೆಗಳ ಸಂಖ್ಯೆಯು ಮೊದಲು ಬಂದು ಕ್ರಿಯಾಪದವು ಕೊನೆಗೆ ನಿಲ್ಲಲು ಅಡ್ಡಿಯಿಲ್ಲ. ಯಂತ್ರಕ್ಕೆ ಇದರಿಂದ ಭೇದವಿಲ್ಲ, ಓದುವವನಿಗೆ ಭೇದವಿದೆ. ದೋಷವನ್ನು ಹುಡುಕುವವನು ತಾನು ಬರೆದುದನ್ನು ಮತ್ತೆ ಮತ್ತೆ ಓದಿಕೊಳ್ಳಬೇಕಷ್ಟೆ. ಪರಭಾಷೆಯ ಕ್ರಮದಲ್ಲಿರುವ ವಾಕ್ಯವನ್ನು ಓದುವ ಬಾಲಕನು, ತನ್ನ ಎಣಿಕೆಯು ತಪ್ಪಿತೋ ತಾನು ವಾಕ್ಯವನ್ನು ಗ್ರಹಿಸಿದುದು ತಪ್ಪಿತೋ ಎಂದು ಅರಿಯದೆ ನಿಲ್ಲುತ್ತಾನೆ. ಒಂದು ದೋಷವನ್ನು ಹುಡುಕುವಲ್ಲಿ ಎರಡು ದೋಷಗಳ ಶಂಕೆ ಉಂಟಾದರೆ ಅನ್ವಯವ್ಯತಿರೇಕವು ನಡೆಯದು.

ತುಂಡಿನ ಮೇಲೆ ಕನ್ನಡವು ಶುದ್ಧವಾಗಿ ಕಾಣಿಸಬೇಕಾದರೆ ಅಕ್ಷರವ್ಯವಸ್ಥೆ ಮೊದಲು ಸರಿಯಾಗಬೇಕು. ಈ ಭಾಗದ ಕೆಲಸದಲ್ಲಿ ಕರಾವಳಿಯ ಪಾಲು ದೊಡ್ಡದು. 1940ರಲ್ಲಿ ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಜನಿಸಿದ ಕೆ. ಪಿ. ರಾವ್ ಅವರು ಕನ್ನಡದ ಧ್ವನಿವ್ಯವಸ್ಥೆಯನ್ನು ಅನುಸರಿಸಿ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಒಂದೇ ಕೀಲಿ. ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿಯ ಕೀಲಿ. ತಮ್ಮ ತಂತ್ರಾಂಶಕ್ಕೆ ಅವರು ಛಂದಃಶಾಸ್ತ್ರಜ್ಞರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಅದನ್ನು ಎಲ್ಲರಿಗೂ ಉಚಿತವಾಗಿ ನೀಡಿದರು. ಕರ್ಣಾಟಕ ಸರ್ಕಾರವು ಮಾನ್ಯಮಾಡಿದ ಕೀಲಿಮಣೆಯು ಈ ವಿನ್ಯಾಸವನ್ನೇ ಆಧರಿಸಿದುದು.

ಇಷ್ಟಾದರೂ ಅಭ್ಯಾಸಿಗಳನ್ನು ನಿತ್ಯವೂ ಕಾಡುವ ಅಕ್ಷರದೋಷಗಳು ಕೆಲವಿವೆ. ರಕಾರ, ವಿರಾಮ, ಯಕಾರಗಳನ್ನು ಬರೆದರೆ 'ಸೂರ್ಯ' ಎಂಬಲ್ಲಿಯಂತೆ ಅರ್ಕಾವತ್ತು ಬರುತ್ತದೆ; 'ರ‍್ಯಾಂಕ್' ಎಂಬುದನ್ನು ಬರೆಯಬೇಕಾದರೆ ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಸಂಯೋಜಕಚಿಹ್ನೆಯನ್ನಿಡಬೇಕು. 'ರಾಜ್‌ಕುಮಾರ್' ಎಂಬಲ್ಲಿ ಒತ್ತು ಬಾರದಿರಲು ಅಷ್ಟೇ ಅದೃಶ್ಯವಾದ ವಿಯೋಜಕ ಬೇಕು. ಒಂದು ಪರಿಮಾಣಕ್ಕೆ ಇಂತಹ ಹೆಸರನ್ನಿಟ್ಟು, ಒಂದೆಡೆ ವಿಯೋಜಕವಿದ್ದು ಇನ್ನೊಂದೆಡೆ ಇಲ್ಲದಿದ್ದರೆ ಯಂತ್ರವು ಅವೆರಡನ್ನೂ ಬೇರೆ ಬೇರೆಯೆಂದು ತಿಳಿಯುತ್ತದೆ. ಅನುಸ್ವಾರವಿರಬೇಕಾದಲ್ಲಿ ಅದೇ ಆಕಾರದ ಕನ್ನಡದ ಸೊನ್ನೆಯು ಸೇರಿಕೊಂಡರೂ ಹೀಗೆಯೇ. ಕಣ್ಣು ಒಂದೆನ್ನುತ್ತದೆ, ಯಂತ್ರವು ಎರಡೆನ್ನುತ್ತದೆ. ಹೆಸರನ್ನು ಅಳಿಸಿ ಮೊದಲಿನಿಂದ ಬರೆಯುವುದು ಬಲ್ಲವರು ಹೇಳುವ ಪರಿಹಾರ. ಇವೆಲ್ಲವೂ ಹುಡಿಯ ದೋಷಗಳು, ಒರಸಿದರೆ ಹೋಗುತ್ತವೆ.

ಕಲ್ಲಿನ ದೋಷಕ್ಕೆ ಉದಾಹರಣೆ ಬೇರೆ ಇದೆ. ಜಗತ್ತಿನ ಲಿಪಿಗಳಿಗೆಲ್ಲ ಏಕರೂಪವಾದ ಸಂಖ್ಯಾಸಂಕೇತವನ್ನು ವಿಧಿಸುವ 'ಯೂನಿಕೋಡ್' 1991ರ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವನ್ನು ಕೊಟ್ಟಿತು. ಹಳಗನ್ನಡದ 'ೞ' ಅಕ್ಷರವೂ ಆ ಪಟ್ಟಿಯಲ್ಲಿದೆ. ಶಬ್ದಮಣಿದರ್ಪಣದಲ್ಲಿ ಕೇಶಿರಾಜನು ಇದನ್ನು ಳಕಾರದಿಂದ ಬೇರ್ಪಡಿಸಿ ಎಷ್ಟು ಶ್ರಮದಿಂದ ನಿರೂಪಿಸಿದ್ದಾನೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಯೂನಿಕೋಡಿನ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಆಂಗ್ಲದ ಎಫ್ ಧ್ವನಿಯನ್ನು ಸೂಚಿಸುವ 'ಫ' ಎಂಬ ಹೆಸರು ಬಿದ್ದುಬಿಟ್ಟಿತು. ತಪ್ಪೆಂದು ತಿಳಿದಮೇಲೂ ಅದನ್ನು ಅಳಿಸಲಾಗಲಿಲ್ಲ. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸಕೂಡದೆಂಬುದು ಆ ವ್ಯವಸ್ಥೆಯ ನಿಯಮ. ಹೆಸರುಗಳು ಚಲಿಸಿದರೆ ಅವನ್ನು ನಂಬಿದ ಕ್ರಮವಿಧಿಗಳು ಮುರಿಯುವುದರಿಂದ ಈ ನಿಯಮವು ನಿಷ್ಕಾರಣವಾದುದಲ್ಲ. ಹೀಗಾಗಿ ತಪ್ಪು ಹೆಸರು ಹಾಗೆಯೇ ಇದೆ. ಸರಿಯಾದ ಹೆಸರು ಪಕ್ಕದಲ್ಲಿ ಪರ್ಯಾಯನಾಮವಾಗಿ ಸೇರಿದೆ. ಶಾಸನದ ಸಂಪಾದಕನು ಅಡಿಟಿಪ್ಪಣಿಯಲ್ಲಿ ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಉಪಕರಣಗಳು ಮಾತ್ರ ಕಲ್ಲಿನಂತೆ ಸ್ಥಿರವಾಗಿ ನಿಲ್ಲುವುವಲ್ಲ. ಸ್ಕ್ರ್ಯಾಚ್ ಮೊದಲು 'ಸ್ಕ್ವೀಕ್' ಎಂಬ ಆಧಾರದ ಮೇಲೆ ನಿಂತಿತ್ತು. 2013ರಲ್ಲಿ 'ಫ್ಲ್ಯಾಶ್' ಎಂಬುದಕ್ಕೆ ಬಂದಿತು. 2019ರಲ್ಲಿ ಅದನ್ನೂ ಬಿಟ್ಟು 'ಜಾವಾಸ್ಕ್ರಿಪ್ಟ್' ಎಂಬುದನ್ನು ಆಶ್ರಯಿಸಿತು. 2020ರ ಕೊನೆಯಲ್ಲಿ ಫ್ಲ್ಯಾಶ್ ನಿಂತೇಹೋಯಿತು. ಕನ್ನಡ ಬರಹದ ಪಾಡೂ ಇಂತಹದೇ. ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತಗಳಲ್ಲಿ ಸಿದ್ಧವಾದ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾಯಿತು. ಓಲೆಯು ಜೀರ್ಣವಾದಂತೆ ಹೊಸ ಓಲೆಗೆ ಪ್ರತಿಮಾಡಿಕೊಳ್ಳುತ್ತಿದ್ದ ಲಿಪಿಕಾರರ ಕಾರ್ಯವೇ ಇಲ್ಲಿಯೂ ನಡೆದಿದೆ. ಪ್ರತಿಮಾಡುವಾಗ ಹೊಸ ಸ್ಖಾಲಿತ್ಯಗಳು ಸೇರುವ ಭಯವೂ ಅಂತೆಯೇ ಇದೆ.

ಮೇಲಣ ಸಂಗತಿಗಳಿಂದ ಒಂದು ವಿಷಯವು ನಿಶ್ಚಿತವಾಗುತ್ತದೆ. ಆಮೆಯು ಎಳೆಯುವ ಗೆರೆ, ಬಾಲಕನು ಜೋಡಿಸುವ ತುಂಡು, ಅವನು ಇಡುವ ಹೆಸರು ಇವೆಲ್ಲ ಹುಡಿಯ ಮೇಲಿನವು. ಇಲ್ಲಿ ತಪ್ಪುವುದೇ ಕಲಿಯುವ ಮಾರ್ಗ. ಆದರೆ ತುಂಡುಗಳ ಮೇಲೆ ಬರೆಯುವ ಕನ್ನಡ ವಾಕ್ಯ, ವಿಧಿಗಳಿಗೆ ಆರಿಸುವ ಕ್ರಿಯಾಪದ, ಅಕ್ಷರಗಳಿಗೆ ಸಲ್ಲುವ ಹೆಸರು ಇವು ಬಳಕೆ ಬೆಳೆದಷ್ಟೂ ಕಲ್ಲಾಗುತ್ತ ಹೋಗುತ್ತವೆ. ಈ ಅನುವಾದದ ಭಾರವನ್ನು ಬಹುಮಟ್ಟಿಗೆ ಹೊತ್ತವರು ಸ್ವಂತ ಉತ್ಸಾಹದಿಂದ ಮುಂದೆ ಬಂದ ಅಭ್ಯಾಸಿಗಳು. ಅವರ ಶ್ರಮವು ಶ್ಲಾಘ್ಯವಾದುದು. ಗಟ್ಟಿಯಾಗುವ ಮೊದಲೇ ಆ ವಾಕ್ಯಗಳನ್ನು ಓದಿ ನೋಡಿ, ಕನ್ನಡದ ಜಾಯಮಾನಕ್ಕೆ ಒಗ್ಗದುದನ್ನು ತಿಳಿಸುವುದು ವ್ಯಾಕರಣಜ್ಞರ ಪಾಲಿನ ಕೆಲಸ. ೞಕಾರದ ವಿಷಯದಲ್ಲಿ ಹಳಗನ್ನಡವನ್ನು ಬಲ್ಲವನೊಬ್ಬನು ಪಟ್ಟಿಯನ್ನು ಒಮ್ಮೆ ಓದಿದ್ದರೆ ಸಾಕಾಗಿತ್ತು. ಮುಂದಿನ ಪಟ್ಟಿಗಳಿಗಾದರೂ ಅಂತಹ ಓದುಗರು ದೊರೆಯುವುದು ಅಪೇಕ್ಷಣೀಯ.