ಇದ್ದಲಿ ತಪ್ಪಲ್ಲ, ಗಾಳಿ ತಪ್ಪು: ನಮ್ಮ ಕುಲುಮೆಯ ಮೂರು ಸಾವಿರ ವರ್ಷ

ಇವತ್ತಿನ ಎಪಿಸೋಡ್ ಒಂದು ಜಗಳದಿಂದ ಶುರು ಮಾಡ್ತೀನಿ.

ಕುಷ್ಟಗಿ ಹತ್ತಿರದ ನಮ್ಮೂರಲ್ಲಿ, ಮನೆ ಮಗ್ಗಲಿಗೇ ಮುತ್ಯಾನ ಕುಲುಮೆ ಇತ್ತು. ನಾನು ಬಿ.ಕಾಂ. ಓದುವಾಗ ಒಂದು ವರ್ಷ, ಮುಂಗಾರಿಗೆ ಸರಿಯಾಗಿ ಹದಿನೈದು ದಿನ ಮೊದಲು ಅದು ಕೈ ಕೊಟ್ಟಿತು. ಬೆಂಕಿ ಉರೀತಿತ್ತು. ಆದರೆ ಕುಂಟೆಯ ಕುಡ ಮಂದ ಕೆಂಪಿಗೇ ನಿಂತುಬಿಡ್ತಿತ್ತು, ಬಡಿಯೋ ಹದಕ್ಕೆ ಬರ್ತಿರಲಿಲ್ಲ. ಲೆಕ್ಕ ಬರೆಯೋನು ನಾನು. ಒಂದು ಚೀಲ ಇದ್ದಲಿಯ ಕೆಲಸಕ್ಕೆ ಒಂದೂವರೆ ಚೀಲ ಹೋಗ್ತಿತ್ತು. ಕಾಕಾ ಸೀದಾ ಇದ್ದಲಿಯವನ ಮೇಲೆ ಹರಿಹಾಯ್ದ: "ಹಸಿ ಮಾಲ್ ಕೊಟ್ಟೀಯಲ್ಲೋ!" ಯಲಬುರ್ಗಾ ಕಡೆಯ ಆ ಮನುಷ್ಯ ವರ್ಷಗಟ್ಟಲೆ ನಮಗೆ ಜಾಲಿ ಇದ್ದಲಿ ತಂದು ಹಾಕಿದವನು. ಮಾತಾಡದೇ ಎದ್ದು ಹೋದ.

ತಪ್ಪು ಎಲ್ಲಿತ್ತು ಅಂತ ಆಮೇಲೆ ಹೇಳ್ತೀನಿ. ಮೊದಲು ಗಾಳಿಯ ಇತಿಹಾಸ ನೋಡೋಣ.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿದ್ದೀರಾ? ಅಲ್ಲಿ ಸುಮಾರು 400 ಕಲ್ಲಿನ ಸಮಾಧಿಗಳಿವೆ. ಜನ ಮೋರೇರ ಮನೆ ಅಂತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದ ಜಾಗ ಅದು. ಆ ಸಮಾಧಿಗಳನ್ನ ಕಟ್ಟಿದ್ದು ಕಬ್ಬಿಣ ಯುಗದ ಜನ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿನದು ಅಂತ ಲೆಕ್ಕ ಹಾಕಿದ್ದಾರೆ. ಅಂದ್ರೆ ಈ ಭಾಗದಲ್ಲಿ ಕಬ್ಬಿಣದ ವಯಸ್ಸು ಮೂರು ಸಾವಿರ ವರ್ಷ.

ಕಬ್ಬಿಣ ಕರಗೋಕೆ 1538 ಡಿಗ್ರಿ ಸೆಲ್ಸಿಯಸ್ ಬೇಕು. ಹಳೇ ಕಾಲದ ಮಣ್ಣಿನ ಕುಲುಮೆ ಅಷ್ಟು ಶಾಖಕ್ಕೆ ಹೋಗ್ತಿರಲಿಲ್ಲ, ಸುಮಾರು 1200ರ ಹತ್ತಿರ. ಆದರೂ ಕೆಲಸ ಆಗ್ತಿತ್ತು. ಇದ್ದಲಿಗೆ ಗಾಳಿ ಊದಿದಾಗ ಹುಟ್ಟೋ ಕಾರ್ಬನ್ ಮಾನಾಕ್ಸೈಡ್, ಅದಿರಿನಲ್ಲಿರೋ ಆಮ್ಲಜನಕವನ್ನ ಕಿತ್ಕೊಳ್ಳುತ್ತೆ. ಉಳಿಯೋದು ಸ್ಪಂಜಿನಂಥ ಕಬ್ಬಿಣದ ಮುದ್ದೆ. ಅದನ್ನ ಬಡಿದು ಬಡಿದು ಕಿಟ್ಟ ತೆಗೀಬೇಕು. ಅದಿರು ಎಷ್ಟೇ ಚೆನ್ನಾಗಿರಲಿ, ಗಾಳಿ ನಿಂತರೆ ಎಲ್ಲಾ ನಿಂತಿತು.

ಆ ಗಾಳಿ ಕೊಟ್ಟಿದ್ದು ತಿದಿ, ಅಂದ್ರೆ ಚರ್ಮದ ಚೀಲ. ಸಾಮಾನ್ಯವಾಗಿ ಎರಡು ಇರ್ತಿದ್ವು. ಯಾಕೆ? ಒಂದನ್ನ ಒತ್ತಿದಾಗ ಇನ್ನೊಂದು ಗಾಳಿ ತುಂಬಿಕೊಳ್ಳುತ್ತೆ. ಹೀಗಾಗಿ ಬೆಂಕಿಗೆ ಉಸಿರು ಕಟ್ಟೋದಿಲ್ಲ. ತಿದಿಯ ಬಾಯಿ ಸರಿಯಾದ ಹೊತ್ತಿಗೆ ಮುಚ್ಚದಿದ್ರೆ ಗಾಳಿ ಹಿಂದಕ್ಕೇ ಹೋಗುತ್ತೆ. ತಿದಿ ಒತ್ತೋರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು, ಹುಡುಗರು. ಸುಗ್ಗಿ ಮುಗಿದ ಮೇಲೆ ರೈತರು ಕೊಡೋ ಆಯದ ಕಾಳಿನಲ್ಲಿ ಅವರ ಬೆವರಿನ ಪಾಲೂ ಇತ್ತು. ಆದರೆ ಹೆಸರು ಮಾತ್ರ ಸುತ್ತಿಗೆ ಹಿಡಿದವನದು.

ಆಮೇಲೆ ಕೈಯಲ್ಲಿ ತಿರುಗಿಸೋ ಫ್ಯಾನ್ ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗೀತು. ನಿಧಾನಕ್ಕೆ ಹಳ್ಳಿಗಳಿಗೆ ಕರೆಂಟ್ ಬಂತು, ಅದರ ಹಿಂದೆ ಮೋಟರ್ ಬ್ಲೋವರ್ ಬಂತು. ಇವತ್ತು ಕೊಪ್ಪಳದ ಹತ್ತಿರ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್‌ನ ಊದುಕುಲುಮೆ ಬೀಡು ಕಬ್ಬಿಣ ಕರಗಿಸುತ್ತೆ. ಅಲ್ಲೂ ಕೆಳಗಿನ ಕೊಳವೆಗಳಿಂದ ಒಳಗೆ ನುಗ್ಗೋದು ಗಾಳಿಯೇ, ಕಾಯಿಸಿದ ಗಾಳಿ ಅಷ್ಟೇ.

ಈಗ ನಮ್ಮ ಕುಲುಮೆಗೆ ವಾಪಸ್ ಬರೋಣ. ಮೂರನೇ ದಿನ ಮುತ್ಯಾ ಹೊರಸಿನಿಂದ ಎದ್ದು ಬಂದ. "ಲೇ ತಮ್ಮಾ, ಇದ್ದಲಿ ಬಿಡು. ಗಾಳಿ ಎಲ್ಲಿ ಹೊಂಟೈತಿ ಅದನ್ನ ನೋಡು" ಅಂದ.

ಮೊದಲು ಬೆಂಕಿ ಆರಿಸಿ ಕೊಳವೆಯ ಬಾಯಿ ನೋಡಿದ. ಕಿಟ್ಟ ಗಟ್ಟಿಯಾಗಿ ಕೂತರೆ ದಾರಿ ಕಟ್ಟುತ್ತೆ. ನಮ್ಮದು ಸ್ವಚ್ಛ ಇತ್ತು. ಎರಡನೇದು, ಬ್ಲೋವರ್ ಚಾಲೂ ಮಾಡಿ ಪ್ರತಿ ಜಾಯಿಂಟ್ ಹತ್ತಿರ ಊದಿನಕಡ್ಡಿ ಹಿಡಿಸಿದ. ಗಾಳಿ ಸೋರಿದ್ರೆ ಹೊಗೆ ಅಲ್ಲಾಡುತ್ತೆ. ಒಂದು ಕಡೆ ಸ್ವಲ್ಪ ಅಲ್ಲಾಡಿತು, ಹಸಿಮಣ್ಣು ಮೆತ್ತಿದೆವು. ಮೂರನೇದು, ಕೊಳವೆ ಬಿಚ್ಚಿ ಬ್ಲೋವರ್ ಬಾಯಿಗೆ ಕೈ ಹಿಡಿದ. ಗಾಳಿ ಬರ್ತಿತ್ತು, ಆದರೆ ಸಪ್ಪೆ.

ಸ್ವಿಚ್ ಆರಿಸಿ, ನಿಲ್ಲೋಕೆ ಬಂದ ಫ್ಯಾನನ್ನ ಬಗ್ಗಿ ನೋಡಿದ. ಅದು ಉಲ್ಟಾ ತಿರುಗ್ತಿತ್ತು! ಹಿಂದಿನ ವಾರ ಮೋಟರ್ ರಿವೈಂಡ್ ಮಾಡಿಸಿದ್ದೆವು, ವೈರ್ ಅದಲು ಬದಲು ಆಗಿತ್ತು. ಇಲ್ಲೇ ಎಲ್ಲರೂ ಮೋಸ ಹೋಗೋದು. ಮನೆಯ ಟೇಬಲ್ ಫ್ಯಾನ್ ಉಲ್ಟಾ ತಿರುಗಿದ್ರೆ ಗಾಳಿ ಹಿಂದಕ್ಕೆ ಹೋಗುತ್ತೆ. ಬಸವನಹುಳದ ಚಿಪ್ಪಿನಂಥ ಡಬ್ಬಿಯ ಬ್ಲೋವರ್ ಹಾಗಲ್ಲ. ಉಲ್ಟಾ ತಿರುಗಿದ್ರೂ ಗಾಳಿ ಅದೇ ಬಾಯಿಂದ ಬರುತ್ತೆ, ಆದರೆ ಬಹಳ ಕಡಿಮೆ. ವೈರ್ ಸರಿ ಮಾಡಿಸಿದ ಮೇಲೆ ಅದೇ ಹಳೇ ಇದ್ದಲಿಯಲ್ಲಿ ಕುಡ ಹಳದಿಗೆ ತಿರುಗಿತು.

ಕಾಕಾ, ನಾನು ಯಲಬುರ್ಗಾ ಕಡೆ ಹೋದೆವು, ತಪ್ಪಾಯ್ತು ಅಂತ ಹೇಳೋಕೆ. ಅವನು ಇದ್ದಲಿ ಸುಡೋದು ಬಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಬಾಕಿ ದುಡ್ಡು ಅವನ ಹೆಂಡತಿ ಕೈಗೆ ಕೊಟ್ಟು ಬಂದೆವು. ಎಣಿಸದೇ ಇಸ್ಕೊಂಡಳು ಆಕಿ.

ಮೂರು ಸಾವಿರ ವರ್ಷದಲ್ಲಿ ತಿದಿ ಹೋಗಿ ಮೋಟರ್ ಬಂದಿದೆ. ನೋಡೋ ಕ್ರಮ ಮಾತ್ರ ಅದೇ: ಮೊದಲು ಗಾಳಿ, ಆಮೇಲೆ ಇದ್ದಲಿ, ಮನುಷ್ಯರ ಮೇಲೆ ಅನುಮಾನ ಕಟ್ಟಕಡೆಗೆ. ನಿಮ್ಮೂರಲ್ಲಿ ಇನ್ನೂ ಕುಲುಮೆ ಉರೀತಿದ್ರೆ, ಆ ಅಜ್ಜನ ಹತ್ತಿರ ಅರ್ಧ ತಾಸು ಕೂತು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ರಿ. ನಮ್ಮ ಮುತ್ಯಾನ ದನಿ ನನ್ನ ಹತ್ತಿರ ಇಲ್ಲ.

ಮುಂದಿನ ವಾರ ಸಿಗೋಣ್ರೀ.