ಎರಡು ಮೆಟ್ಟಿಲು

ನಮ್ಮ ಮನೆಯಲ್ಲಿ ಬಾತ್‌ರೂಮ್ ಇರೋದು ಒಂದೇ. ಅದನ್ನು ಒಡೆಸೋಣ ಅಂತ ತೀರ್ಮಾನಿಸಿದಾಗ ಮೇಸ್ತ್ರಿ ‘ಹತ್ತೇ ದಿನ ಸಾರ್’ ಅಂದಿದ್ದರು. 26ನೇ ದಿನವೂ ನಾನು ಆಫೀಸಿನ ಜಿಮ್‌ನಲ್ಲೇ ಸ್ನಾನ ಮಾಡ್ತಿದ್ದೆ. 88 ವರ್ಷದ ಅಜ್ಜಿಯನ್ನು ಹೊತ್ತುಹೊತ್ತಿಗೆ ಕೈಹಿಡಿದು ಪಕ್ಕದ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಮೀಟಿಂಗ್‌ನಲ್ಲಿ ನಾನು ಬಾಯಿ ತೆರೆದ ತಕ್ಷಣ ಡ್ರಿಲ್ ಶುರುವಾಗೋದು.

ಇಷ್ಟೆಲ್ಲ ಎರಡು ಮೆಟ್ಟಿಲಿಗಾಗಿ. ಮಲ್ಲೇಶ್ವರದ ನಮ್ಮ ಹಳೇ ಮನೆಯಲ್ಲಿ ಬಚ್ಚಲಿನ ನೆಲಕ್ಕಿಂತ ಕಕ್ಕಸು ಒಂದೂವರೆ ಅಡಿ ಎತ್ತರ. ಅಜ್ಜಿಯ ಮಂಡಿಗೆ ಅದನ್ನು ಹತ್ತೋಕಾಗ್ತಿರಲಿಲ್ಲ. ಯಾಕೆ ಹೀಗೆ ಕಟ್ಟಿದ್ದಾರೋ ಅಂದರೆ, ‘ವಾಸ್ತು ಇರಬೇಕು’ ಅಂದರು ಅಪ್ಪ. ‘ಪೈಪಿಗೆ ಸ್ಲೋಪ್ ಬೇಕಲ್ಲ’ ಅಂದೆ ನಾನು. ಅಜ್ಜಿಯನ್ನು ಯಾರೂ ಕೇಳಲಿಲ್ಲ.

ಕಟ್ಟೆ ಒಡೆದ ದಿನ ಮೇಸ್ತ್ರಿ ಕೂಗಿದರು: ‘ಸಾರ್, ಹಿಂದಿನ ಗೋಡೇಲಿ ಕಿಂಡಿ ಇದೆ, ಬನ್ನಿ.’ ನೆಲಮಟ್ಟದಲ್ಲೇ ಒಂದು ಮೊಳ ಅಗಲದ ಕಿಂಡಿ. ಬೇರೆ ಬಣ್ಣದ ಇಟ್ಟಿಗೆ ತುಂಬಿ ಮುಚ್ಚಿದ್ದರು. ಪಕ್ಕದಲ್ಲಿ ತುಕ್ಕು ಹಿಡಿದ ಒಂದು ಕೀಲು. ಅದರಾಚೆಗೆ ಗಲ್ಲಿ.

ಅಜ್ಜಿಗೆ ಫೋಟೋ ತೋರಿಸಿದೆ. ‘ಅಯ್ಯೋ, ಬುಟ್ಟಿ ಎಳೆಯೋ ಕಿಂಡಿ ಕಣೋ’ ಅಂದಳು, ಅದರಲ್ಲೇನು ವಿಶೇಷ ಅನ್ನೋ ಹಾಗೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಆಚೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಅಗಲವಾದ ರಸ್ತೆ, ಸಾಲುಮರ, ಗಾಳಿ ಬೆಳಕು, ಇವೆಲ್ಲ ನಮಗೆ ಗೊತ್ತು. ಹಳೇ ಬೆಂಗಳೂರಿನ ಬಗ್ಗೆ ಯಾರೇ ಬರೆದರೂ ಇದನ್ನೇ ಬರೀತಾರೆ. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಲೇನ್ ಅನ್ನೋ ಸಣ್ಣ ಗಲ್ಲಿಯೂ ಇತ್ತು. ಎತ್ತರದ ಕಟ್ಟೆಯ ಮೇಲೆ ಕೂರೋದು, ಕೆಳಗೆ ಬುಟ್ಟಿ. ಗಲ್ಲಿಯಿಂದ ಬಂದವರು ಕಿಂಡಿ ತೆಗೆದು ಬುಟ್ಟಿ ಎಳೆದು, ತಲೆ ಮೇಲೆ ಹೊತ್ತುಕೊಂಡು ಹೋಗೋದು. ಮನೆಯವರ ಕಣ್ಣಿಗೆ ಅವರು ಬೀಳಲೇಬಾರದು, ಹಾಗೆ ಕಟ್ಟಿದ್ದು ಅದು. ನಾನು ವಾಸ್ತು ಅಂತ ನಗಾಡಿದ್ದ ಎರಡು ಮೆಟ್ಟಿಲು ಬುಟ್ಟಿಗೆ ಮಾಡಿಕೊಟ್ಟ ಜಾಗ.

ಫ್ಲಶ್ ಮಾಡಲು ನೀರು ಬೇಕು, ನೀರು ಈ ಊರಿಗೆ ದೂರದಿಂದಲೇ ಬರಬೇಕು. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಮ್ಮ ಮನೆಗೆ ಫ್ಲಶ್ ಬಂದಿದ್ದು ಅಪ್ಪ ಸ್ಕೂಲಿಗೆ ಹೋಗ್ತಿದ್ದ ಕಾಲದಲ್ಲಿ. ಕಿಂಡಿ ಮುಚ್ಚಿದರು. ಕಟ್ಟೆ ಒಡೆಸಿದರೆ ಖರ್ಚು ಅಂತ ಹಾಗೇ ಬಿಟ್ಟರು. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆ ಮೇಲೆ ಮಲ ಹೊರುವುದನ್ನೇ ನಿಷೇಧಿಸಿದರು. ದೇಶದ ಕಾನೂನು ಬಂದಿದ್ದು 1993ರಲ್ಲಿ. ಅದೂ ಸಾಲದೆ 2013ರಲ್ಲಿ ಇನ್ನೊಂದು.

‘ಯಾರು ಬರ್ತಿದ್ರು ಅಜ್ಜಿ?’ ಅಂದೆ. ಅಜ್ಜಿಗೆ ನೆನಪಿನ ಶಕ್ತಿ ಜಾಸ್ತಿ. ಹಾಲಿನವನ ಹೆಸರು, ಹೂವಿನವಳ ಹೆಸರು, ಹಂಡೆ ಒಲೆಗೆ ಸೌದೆ ತರುತ್ತಿದ್ದವನ ಮಗನ ಹೆಸರು, ಎಲ್ಲ ಹೇಳಿದಳು. ‘ಅವಳು ಬರೋ ಹೊತ್ತಿಗೆ ನಾವು ಹಿತ್ತಲಿಗೆ ಹೋಗ್ತಿರಲಿಲ್ಲ. ಹಬ್ಬಕ್ಕೆ ಒಬ್ಬಟ್ಟನ್ನ ಗೋಡೆ ಮೇಲೆ ಇಡ್ತಿದ್ವಿ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಕೇಳ್ಲೇ ಇಲ್ಲ ನೋಡು’ ಅಂದಳು.

ಹತ್ತು ದಿನದ ಕೆಲಸ ಯಾಕೆ ಎಳೆಯಿತು ಅಂತ ಈಗ ಹೇಳ್ತೀನಿ. 21ನೇ ದಿನ ಹಿಂದಿನ ಚೇಂಬರ್ ಕಟ್ಟಿಕೊಂಡು ಕೊಳಚೆ ಮೇಲಕ್ಕೆ ಬಂತು. ‘ಒಬ್ಬ ಹುಡುಗ ಇದ್ದಾನೆ ಸಾರ್, ಇಳಿಸಿದ್ರೆ ಅರ್ಧ ಗಂಟೆ ಕೆಲಸ. ಮಷಿನ್ ಗಾಡಿಗೆ ಕಾದ್ರೆ ವಾರ’ ಅಂದರು ಮೇಸ್ತ್ರಿ. ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ ‘ಹೂಂ, ನೋಡಿ’ ಅಂದುಬಿಟ್ಟೆ. ಹಾಗೆ ಇಳಿದವರು ವಿಷಗಾಳಿಗೆ ಸತ್ತ ಸುದ್ದಿ ಎಷ್ಟು ಸಲ ಓದಿಲ್ಲ! ಆದರೂ ಅಂದೆ. ಹಾಲ್‌ನಲ್ಲಿ ಕೂತಿದ್ದ ಅಜ್ಜಿ, ‘ಏನಂತೆ ಅವನ ಹೆಸರು?’ ಅಂತ ಕೇಳಿದಳು.

ಗಾಡಿ ಬರೋಕೆ ಆರು ದಿನ ಆಯ್ತು. ಕಿಂಡಿಯನ್ನು ಮೇಸ್ತ್ರಿ ವ್ಯರ್ಥ ಮಾಡಲಿಲ್ಲ. ಗೋಡೆ ಕೊರೆಯೋದು ಉಳೀತು ಅಂತ ಹೊಸ ನಾಲ್ಕಿಂಚಿನ ಪೈಪನ್ನು ಅದರಲ್ಲೇ ಹೊರಗೆ ಬಿಟ್ಟು, ಸುತ್ತ ಸಿಮೆಂಟ್ ಮೆತ್ತಿದರು.