ಡಿವಿಡೆಂಡ್ ಷೇರು: ಮೊದಲ ಸಲ ದುಡ್ಡು ಹಾಕೋ ಮುಂಚೆ ಈ ಲೆಕ್ಕ ತಿಳಿದಿರಲಿ

"ಎಫ್‌ಡಿ ಬಡ್ಡಿ ಸಾಲ್ತಾ ಇಲ್ಲ, ಒಳ್ಳೆ ಷೇರು ಕೊಂಡಿಟ್ರೆ ವರ್ಷ ವರ್ಷ ಡಿವಿಡೆಂಡ್ ಬರುತ್ತಂತೆ, ಹೌದಾ?" ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ, ಅಂಗಡಿಯಲ್ಲಿ ನಾಲ್ಕು ಕಾಸು ಉಳಿದಾಗ ಈಗ ಎಲ್ಲ ಕಡೆ ಕೇಳಿಬರುವ ಪ್ರಶ್ನೆ ಇದು. ಉತ್ತರ: ಹೌದು, ಬರುತ್ತೆ. ಆದರೆ ಅದು ಬಡ್ಡಿ ಅಲ್ಲ, ಲಾಭದ ಪಾಲು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಹಾಕಿದರೆ ಅಸಲಿಗೇ ಪೆಟ್ಟು ಬೀಳಬಹುದು. ಹೊಸಬರಿಗೆ ಬೇಕಾದ ಪೂರ್ತಿ ಮಾಹಿತಿ ಇಲ್ಲಿದೆ.

ಡಿವಿಡೆಂಡ್ ಅಂದ್ರೆ ಏನು?

ನಾಲ್ಕು ಜನ ಸೇರಿ ಒಂದು ಅಂಗಡಿ ನಡೆಸ್ತೀರಿ ಅಂತಿಟ್ಟುಕೊಳ್ಳಿ. ವರ್ಷದ ಕೊನೆಗೆ ಬಂದ ಲಾಭದಲ್ಲಿ ಒಂದಿಷ್ಟನ್ನು ಮಾಲು ತುಂಬಿಸಲು ಇಟ್ಟು, ಉಳಿದದ್ದನ್ನು ಹಂಚಿಕೊಳ್ತೀರಿ. ಕಂಪನಿಯೂ ಹಾಗೇ. ಲಾಭದ ಒಂದು ಭಾಗವನ್ನು ಷೇರುದಾರರಿಗೆ ಹಂಚುತ್ತದೆ, ಅದೇ ಡಿವಿಡೆಂಡ್ ಅಥವಾ ಲಾಭಾಂಶ. ಲಾಭ ಕಮ್ಮಿಯಾದ ವರ್ಷ ಪಾಲೂ ಕಮ್ಮಿ. ಕೊಳೆರೋಗ ಬಂದ ವರ್ಷ ತೋಟ ಇದ್ದರೂ ಫಸಲು ಇರೋದಿಲ್ಲವಲ್ಲ, ಹಾಗೆ.

ಕೆಲವೊಮ್ಮೆ ಲಾಭ ಇದ್ದರೂ ಬಾರದೇ ಹೋಗಬಹುದು. ಕೊರೊನಾ ಕಾಲದಲ್ಲಿ, 2019-20ನೇ ಸಾಲಿನ ಲಾಭಕ್ಕೆ ಡಿವಿಡೆಂಡ್ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತ್ತು. ಬ್ಯಾಂಕ್ ಷೇರಿನ ಡಿವಿಡೆಂಡನ್ನೇ ನಂಬಿ ಕೂತವರಿಗೆ ಆ ವರ್ಷ ಏನೂ ಸಿಗಲಿಲ್ಲ. ಅದೇ ಬ್ಯಾಂಕಿನ ಎಫ್‌ಡಿಯವರಿಗೆ ಮಾತ್ರ ಬಡ್ಡಿ ಬಂತು. ಎಫ್‌ಡಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂ.ವರೆಗೆ ಠೇವಣಿ ವಿಮೆ ಇದೆ. ಷೇರಿಗೆ ಅಂಥದ್ದು ಯಾವುದೂ ಇಲ್ಲ.

ಇನ್ನೊಂದು ವಿಷಯ. ಡಿವಿಡೆಂಡ್ ಆಕಾಶದಿಂದ ಉದುರೋ ದುಡ್ಡಲ್ಲ. 100 ರೂ. ಷೇರಿಗೆ 4 ರೂ. ಕೊಟ್ಟರೆ, 'ಎಕ್ಸ್-ಡೇಟ್' ದಿನ ಬೆಲೆ ಸಾಮಾನ್ಯವಾಗಿ ಅಷ್ಟೇ ಇಳಿದು 96ರ ಹತ್ತಿರ ಶುರುವಾಗುತ್ತೆ. ಎಕ್ಸ್-ಡೇಟ್‌ಗಿಂತ ಮುಂಚೆ ಕೊಂಡವರಿಗೆ ಮಾತ್ರ ಆ ಸಲದ ಡಿವಿಡೆಂಡ್. ಹಾಗಂತ ಹಿಂದಿನ ದಿನ ಕೊಂಡು ಮರುದಿನ ಮಾರಿದರೆ ಏನೂ ಮಿಗೋದಿಲ್ಲ, ತೆರಿಗೆ ಮತ್ತು ಬ್ರೋಕರ್ ಖರ್ಚು ಮೈಮೇಲೆ ಬರುತ್ತೆ.

ಶೇ.200 ಅಂದ್ರೆ ದುಡ್ಡು ಎರಡರಷ್ಟಲ್ಲ

"ಶೇ.200 ಡಿವಿಡೆಂಡ್ ಘೋಷಣೆ" ಅನ್ನೋ ಸುದ್ದಿ ನೋಡಿ ಹಾರಿ ಬೀಳಬೇಡಿ. ಈ ಶೇಕಡಾ ಲೆಕ್ಕ ಷೇರಿನ ಮುಖಬೆಲೆ ಮೇಲೆ, ನೀವು ಕೊಟ್ಟ ಬೆಲೆ ಮೇಲೆ ಅಲ್ಲ.

ನಮ್ಮ ಮಂಗಳೂರಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕನ್ನೇ ನೋಡಿ. 2023-24ಕ್ಕೆ 10 ರೂ. ಮುಖಬೆಲೆಯ ಷೇರಿಗೆ 16.10 ರೂ., ಅಂದರೆ ಶೇ.161 ಡಿವಿಡೆಂಡ್ ಘೋಷಿಸಿತು. 2024ರ ಮೇ ತಿಂಗಳಲ್ಲಿ ಒಂದು ಷೇರು 5 ಆಗಿ ಒಡೆದು, ಮುಖಬೆಲೆ 2 ರೂ. ಆಯಿತು. 2024-25ಕ್ಕೆ ಕೊಟ್ಟದ್ದು 4 ರೂ., ಅಂದರೆ ಶೇ.200. ಮೇಲ್ನೋಟಕ್ಕೆ 16ರಿಂದ 4ಕ್ಕೆ ಇಳಿದ ಹಾಗೆ ಕಾಣುತ್ತೆ. ಆದರೆ ಹಳೇ 16.10 ಅನ್ನು 5ರಿಂದ ಭಾಗಿಸಿದರೆ 3.22 ರೂ. ಹಾಗಾಗಿ ನಿಜವಾಗಿ 3.22ರಿಂದ 4 ರೂ.ಗೆ ಏರಿದೆ.

ನಿಮಗೆ ಬೇಕಾದ ಲೆಕ್ಕ ಒಂದೇ, ಇಳುವರಿ. ವರ್ಷದಲ್ಲಿ ಒಂದು ಷೇರಿಗೆ ಬಂದ ಒಟ್ಟು ಡಿವಿಡೆಂಡನ್ನು ಈಗಿನ ಮಾರುಕಟ್ಟೆ ಬೆಲೆಯಿಂದ ಭಾಗಿಸಿ, 100ರಿಂದ ಗುಣಿಸಿ. 4 ರೂ. ಡಿವಿಡೆಂಡಿನ ಷೇರನ್ನು 100 ರೂ.ಗೆ ಕೊಂಡರೆ ಇಳುವರಿ ಶೇ.4. ಅದನ್ನೇ 130 ರೂ.ಗೆ ಕೊಂಡರೆ ಶೇ.3ರ ಆಸುಪಾಸು.

ಇಳುವರಿ ತುಂಬಾ ಜಾಸ್ತಿ ಇದ್ದರೆ ಯಾಕೆ ಅಂತ ಕೇಳಿ

ಗಣಿ ಮತ್ತು ಲೋಹದ ಕಂಪನಿ ವೇದಾಂತ 2022-23ರಲ್ಲಿ ಐದು ಕಂತಿನಲ್ಲಿ ಒಂದು ಷೇರಿಗೆ ಒಟ್ಟು 101.50 ರೂ. ಕೊಟ್ಟಿತು. ಆ ಮಾರ್ಚ್ ಕೊನೆಗೆ ಷೇರಿನ ಬೆಲೆ 300 ರೂ.ಗಿಂತ ಕೆಳಗಿತ್ತು, ಅಂದರೆ ಇಳುವರಿ ಶೇ.30 ದಾಟಿತ್ತು! ಮರುವರ್ಷ, 2023-24ರಲ್ಲಿ ಬಂದದ್ದು 29.50 ರೂ. ಮಾತ್ರ. ಹಿಂದಿನ ವರ್ಷದ ಲೆಕ್ಕ ನೋಡಿ ಕೊಂಡವರಿಗೆ ಮೂರರಲ್ಲಿ ಒಂದು ಭಾಗವೂ ಸಿಗಲಿಲ್ಲ.

ಕೆಲವೊಮ್ಮೆ ಇಳಿಕೆ ಕಂಡರೂ ಗಾಬರಿ ಬೇಕಿಲ್ಲ. ಇನ್ಫೋಸಿಸ್ 2023-24ಕ್ಕೆ 46 ರೂ., 2024-25ಕ್ಕೆ 43 ರೂ. ಕೊಟ್ಟಿತು. ಮೊದಲಿನ 46ರಲ್ಲಿ 8 ರೂ. 'ವಿಶೇಷ ಡಿವಿಡೆಂಡ್', ಒಂದು ಸಲಕ್ಕೆ ಮಾತ್ರ ಕೊಟ್ಟದ್ದು. ಅದನ್ನು ಬಿಟ್ಟರೆ 38ರಿಂದ 43ಕ್ಕೆ ಏರಿದೆ. ಆದ್ದರಿಂದ ಒಂದು ವರ್ಷದ ಅಂಕಿ ಸಾಕಾಗೋದಿಲ್ಲ, ಕನಿಷ್ಠ 5 ವರ್ಷದ್ದು, ಆದರೆ 10 ವರ್ಷದ್ದು ನೋಡಬೇಕು.

ಷೇರಿನ ಬೆಲೆ ಕುಸಿದಾಗಲೂ ಇಳುವರಿ ತಾನಾಗಿ ಜಾಸ್ತಿ ಕಾಣುತ್ತೆ. 100 ರೂ. ಷೇರು 50ಕ್ಕೆ ಬಿದ್ದರೆ ಶೇ.4 ಇದ್ದ ಇಳುವರಿ ಶೇ.8 ಆಗುತ್ತೆ. ಅದು ಲಾಭ ಅಲ್ಲ, ಎಚ್ಚರಿಕೆ ಗಂಟೆ.

ತಿಂಗಳಿಗೆ 5,000 ಬೇಕಾದ್ರೆ ಎಷ್ಟು ಹಾಕಬೇಕು?

ವರ್ಷಕ್ಕೆ 60,000 ರೂ. ಡಿವಿಡೆಂಡ್ ಬರಬೇಕಾದರೆ ಬೇಕಾಗುವ ಅಸಲು:

- ಇಳುವರಿ ಶೇ.2 ಇದ್ದರೆ 30 ಲಕ್ಷ ರೂ.
- ಶೇ.3 ಇದ್ದರೆ 20 ಲಕ್ಷ ರೂ.
- ಶೇ.4 ಇದ್ದರೆ 15 ಲಕ್ಷ ರೂ.

ನಿಫ್ಟಿಯ 50 ದೊಡ್ಡ ಕಂಪನಿಗಳ ಒಟ್ಟು ಇಳುವರಿ ಇತ್ತೀಚಿನ ವರ್ಷಗಳಲ್ಲಿ ಶೇ.1ರಿಂದ 1.5ರ ಆಸುಪಾಸಿನಲ್ಲೇ ಇದೆ. ತಿಂಗಳಿಗೆ 3,000 ರೂ. ಹಾಕ್ತಾ ಹೋದರೆ ವರ್ಷಕ್ಕೆ 36,000. ಅದಕ್ಕೆ ಶೇ.3ರಂತೆ ಸಿಗೋದು ವರ್ಷಕ್ಕೆ 1,080 ರೂ. ಮೊದಮೊದಲು ಇಷ್ಟೇ. "1 ಲಕ್ಷ ಹಾಕಿ, ತಿಂಗಳಿಗೆ 5,000 ಡಿವಿಡೆಂಡ್ ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ಅದು ಸುಳ್ಳು ಅಂತ ಈ ಲೆಕ್ಕದಿಂದಲೇ ಗೊತ್ತಾಗುತ್ತೆ.

ಡಿವಿಡೆಂಡ್ ತಿಂಗಳು ತಿಂಗಳು ಬರೋದೂ ಇಲ್ಲ. ಅಂತಿಮ ಡಿವಿಡೆಂಡ್‌ಗೆ ವಾರ್ಷಿಕ ಸಭೆಯ ಒಪ್ಪಿಗೆ ಬೇಕು. ಹೆಚ್ಚಿನ ಕಂಪನಿಗಳ ಸಭೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ನಡೆಯುತ್ತೆ. ಘೋಷಣೆಯಾದ 30 ದಿನದೊಳಗೆ ದುಡ್ಡು ಕೊಡಬೇಕು ಅನ್ನೋದು ಕಾನೂನು. ಮಧ್ಯಂತರ ಡಿವಿಡೆಂಡ್ ಬಂದರೆ ಬಂತು. ಹಾಗಾಗಿ ಅಂಗಡಿ ಬಾಡಿಗೆ, ಮಕ್ಕಳ ಫೀಸಿಗೆ ಇದನ್ನು ನೆಚ್ಚಿಕೊಳ್ಳಬೇಡಿ.

ಶುರು ಮಾಡೋದು ಹೇಗೆ?

1. ಯಾವ ದುಡ್ಡು ಅಂತ ಮೊದಲು ತೀರ್ಮಾನಿಸಿ. ಅಂಗಡಿಯ ಓಡಾಟದ ಬಂಡವಾಳ, ದೀಪಾವಳಿ ಮಾಲಿಗೆ ಇಟ್ಟದ್ದು, ಚಿನ್ನ ಅಡವಿಟ್ಟು ತಂದ ಸಾಲ ಇವು ಯಾವುದೂ ಬೇಡ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ಕನಿಷ್ಠ 5 ವರ್ಷ ಮುಟ್ಟದೆ ಇರಬಹುದಾದ ದುಡ್ಡು ಮಾತ್ರ ಇಲ್ಲಿಗೆ.

2. ಡಿಮ್ಯಾಟ್ ಖಾತೆ ತೆರೆಯಿರಿ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಸಾಕು. ಒಬ್ಬರಿಗೆ ಒಂದೇ ಡಿಮ್ಯಾಟ್ ಇದ್ದು, ಒಳಗಿರುವ ಷೇರಿನ ಮೌಲ್ಯ 4 ಲಕ್ಷ ರೂ. ಒಳಗಿದ್ದರೆ 'ಬೇಸಿಕ್ ಸರ್ವಿಸಸ್' ಖಾತೆಗೆ ವಾರ್ಷಿಕ ಶುಲ್ಕ ಇಲ್ಲ. ಕೇಳಿ ಪಡೆಯಿರಿ. ನಾಮಿನಿ ಹೆಸರು ಅವತ್ತೇ ಹಾಕಿ.

3. ಪ್ರತಿ ಕಂಪನಿಗೂ ನಾಲ್ಕು ಪ್ರಶ್ನೆ ಕೇಳಿ. ಲಾಭ ವರ್ಷದಿಂದ ವರ್ಷಕ್ಕೆ ಏರ್ತಾ ಇದೆಯಾ? ಡಿವಿಡೆಂಡ್ ಎಡೆಬಿಡದೆ ಬಂದಿದೆಯಾ? ಸಾಲ ಮಿತಿಯಲ್ಲಿದೆಯಾ? ಲಾಭದಲ್ಲಿ ಎಷ್ಟು ಭಾಗ ಹಂಚ್ತಾರೆ? 100 ರೂ. ಗಳಿಸಿ 40-60 ಹಂಚುವ ಕಂಪನಿಗೆ ಕೆಟ್ಟ ವರ್ಷದಲ್ಲೂ ಕೊಡಲು ಜಾಗ ಇರುತ್ತೆ. 100 ಗಳಿಸಿ 110 ಹಂಚುವುದು ಬಹಳ ದಿನ ನಡೆಯೋದಿಲ್ಲ. ಇವೆಲ್ಲ ಷೇರುಪೇಟೆಗಳ ವೆಬ್‌ಸೈಟಿನಲ್ಲಿ ಮತ್ತು ಕಂಪನಿಯ ವಾರ್ಷಿಕ ವರದಿಯಲ್ಲಿ ಪುಕ್ಕಟೆಯಾಗಿ ಸಿಗುತ್ತೆ.

4. ಹಂಚಿ ಹಾಕಿ. 8ರಿಂದ 10 ಕಂಪನಿ, ಕನಿಷ್ಠ 5 ಬೇರೆ ಬೇರೆ ಕ್ಷೇತ್ರ ಇರಲಿ: ಬ್ಯಾಂಕ್, ಐಟಿ, ದಿನಬಳಕೆ ವಸ್ತು, ವಿದ್ಯುತ್, ಔಷಧ ಹೀಗೆ. 1 ಲಕ್ಷವನ್ನು 8 ಕಡೆ ಸಮನಾಗಿ ಹಂಚಿದರೆ ಒಂದೊಂದರಲ್ಲಿ 12,500. ಒಂದು ಪೂರ್ತಿ ಮುಳುಗಿದರೂ ಉಳಿದ ಏಳು ಇರುತ್ತವೆ.

5. ಸರ್ಕಾರಿ ಕಂಪನಿಗಳನ್ನೇ ತುಂಬಬೇಡಿ. ಕೇಂದ್ರ ಸರ್ಕಾರದ ಕಂಪನಿಗಳು ಲಾಭದ ಶೇ.30 ಅಥವಾ ನಿವ್ವಳ ಮೌಲ್ಯದ ಶೇ.4, ಇದರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಕನಿಷ್ಠ ಡಿವಿಡೆಂಡ್ ಕೊಡಬೇಕು ಅನ್ನೋ ಮಾರ್ಗಸೂಚಿ ಇದೆ. ಅದಕ್ಕೇ ಇಳುವರಿ ಪಟ್ಟಿಯಲ್ಲಿ ಇವು ಮೇಲಿರುತ್ತವೆ. ಆದರೆ ಹತ್ತು ಕಂಪನಿ ಕೊಂಡರೂ ಯಜಮಾನ ಒಬ್ಬನೇ. ಒಂದು ನೀತಿ ಬದಲಾದರೆ ಎಲ್ಲದಕ್ಕೂ ತಟ್ಟುತ್ತೆ.

6. ಒಂದೇ ಸಲ ಹಾಕಬೇಡಿ. ತಿಂಗಳಿಗೆ ಇಷ್ಟು ಅಂತ 10-12 ತಿಂಗಳಲ್ಲಿ ಕೊಳ್ಳಿ. ಬಂದ ಡಿವಿಡೆಂಡನ್ನು ಮೊದಲ ಕೆಲವು ವರ್ಷ ಖರ್ಚು ಮಾಡದೆ ಮತ್ತೆ ಷೇರಿಗೇ ಹಾಕಿ. ಬೆಳೆಯೋದು ಅಲ್ಲೇ.

ಇಷ್ಟೆಲ್ಲ ನೋಡಲು ಪುರುಸೊತ್ತಿಲ್ಲ ಅನ್ನೋರಿಗೆ 'ಡಿವಿಡೆಂಡ್ ಯೀಲ್ಡ್' ಮ್ಯೂಚುವಲ್ ಫಂಡ್ ಇದೆ. ಇಲ್ಲಿ 'ಗ್ರೋತ್' ಮತ್ತು 'ಐಡಿಸಿಡಬ್ಲ್ಯು' ಅಂತ ಎರಡು ಆಯ್ಕೆ. ಎರಡನೆಯದರ ಹಳೇ ಹೆಸರು ಡಿವಿಡೆಂಡ್ ಆಯ್ಕೆ. ಅಲ್ಲಿ ಬರುವ ದುಡ್ಡಿನಲ್ಲಿ ನಿಮ್ಮ ಅಸಲೂ ಸೇರಿರಬಹುದು ಅಂತ ಜನರಿಗೆ ತಿಳಿಯಲಿ ಎಂದೇ ಸೆಬಿ 2021ರ ಏಪ್ರಿಲ್‌ನಿಂದ ಹೆಸರು ಬದಲಿಸಿತು.

ತೆರಿಗೆ

2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತೆ. 2025-26ರಿಂದ ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂ. ದಾಟಿದರೆ ಶೇ.10 ಟಿಡಿಎಸ್ ಕಡಿತ. ಪ್ಯಾನ್ ಕೊಡದಿದ್ದರೆ ಶೇ.20. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದೊಳಗಿನ ಆದಾಯದವರಿಗೆ ರಿಯಾಯಿತಿಯಿಂದಾಗಿ ಡಿವಿಡೆಂಡ್ ಮೇಲೆ ತೆರಿಗೆ ಬರೋದಿಲ್ಲ, ಕಡಿತವಾದದ್ದನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ವ್ಯಾಪಾರಸ್ಥರು ಗಮನಿಸಿ: ಇದು ಅಂಗಡಿ ವಹಿವಾಟಿಗೆ ಸೇರೋದಿಲ್ಲ, 'ಇತರೆ ಮೂಲದ ಆದಾಯ' ಅಂತ ತೋರಿಸಬೇಕು. ಟಿಡಿಎಸ್ ಕಡಿತ ಆಗದಿದ್ದರೂ ತೋರಿಸಲೇಬೇಕು.

ಅಜ್ಜನ ಕಪಾಟಿನಲ್ಲಿ ಹಳೇ ಷೇರು ಪತ್ರ ಇದೆಯಾ?

ಹೊಸದಾಗಿ ಕೊಳ್ಳೋ ಮುಂಚೆ ಮನೆಯಲ್ಲೇ ಒಮ್ಮೆ ಹುಡುಕಿ. ಕರಾವಳಿಯ ಬ್ಯಾಂಕುಗಳ ಷೇರು ಅನೇಕ ಮನೆಗಳಲ್ಲಿವೆ. ಬ್ಯಾಂಕ್ ವಿಲೀನ ಆದ ಮಾತ್ರಕ್ಕೆ ಆ ಕಾಗದ ರದ್ದಿ ಅಲ್ಲ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕಿನ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಷೇರು ಸಿಕ್ಕಿವೆ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕಿನ 1,000ಕ್ಕೆ ಕೆನರಾ ಬ್ಯಾಂಕಿನ 158, ಕಾರ್ಪೊರೇಷನ್ ಬ್ಯಾಂಕಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330. ಕೆನರಾದ ಆ 158 ಷೇರು 2024ರಲ್ಲಿ ಒಡೆದ ಮೇಲೆ 790 ಆಗಿವೆ.

ಸತತ 7 ವರ್ಷ ಡಿವಿಡೆಂಡ್ ಪಡೆಯದೇ ಬಿಟ್ಟರೆ ಆ ದುಡ್ಡೂ ಷೇರೂ ಕೇಂದ್ರದ ಐಇಪಿಎಫ್ ನಿಧಿಗೆ ಹೋಗುತ್ತವೆ. ಅಲ್ಲಿಗೆ ಹೋದರೂ ವಾರಸುದಾರರು ವಾಪಸ್ ಪಡೆಯಬಹುದು. ಮೊದಲು ಕಂಪನಿಯಿಂದ ಅರ್ಹತಾ ಪತ್ರ ಪಡೆದು, ನಂತರ ಐಇಪಿಎಫ್-5 ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅರ್ಧ ಪಾಲು ಕೊಡಿ, ಮಾಡಿಸಿ ಕೊಡ್ತೇವೆ ಅನ್ನೋರ ಮಾತಿಗೆ ಮರುಳಾಗಬೇಡಿ.

ಡಿಮ್ಯಾಟ್ ಇದ್ದವರೂ ಒಮ್ಮೆ ನೋಡಿ: ಅದರಲ್ಲಿ ಹಳೇ ಬ್ಯಾಂಕಿನ ಖಾತೆ ಸಂಖ್ಯೆ, ಹಳೇ ಐಎಫ್‌ಎಸ್‌ಸಿ ಕೋಡ್ ಉಳಿದಿದ್ದರೆ ಡಿವಿಡೆಂಡ್ ಜಮಾ ಆಗದೆ ವಾಪಸ್ ಹೋಗಬಹುದು.

ಎಚ್ಚರ ಇರಲಿ

ವಾಟ್ಸ್ಆ್ಯಪ್, ಟೆಲಿಗ್ರಾಂ ಗ್ರೂಪಿನಲ್ಲಿ ಬರುವ ಆ್ಯಪ್ ಲಿಂಕ್ ಒತ್ತಬೇಡಿ. ಯಾರದೋ ವೈಯಕ್ತಿಕ ಖಾತೆಗೆ ದುಡ್ಡು ಹಾಕಿ ಅಂದರೆ ಅಲ್ಲಿಗೇ ನಿಲ್ಲಿಸಿ. ಬ್ರೋಕರ್, ಸಲಹೆಗಾರರ ಹೆಸರು ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಇದೆಯಾ ನೋಡಿ. ಬ್ರೋಕರ್ ಅಥವಾ ಕಂಪನಿ ಮೇಲೆ ದೂರಿದ್ದರೆ ಸೆಬಿಯ 'ಸ್ಕೋರ್ಸ್' ಪೋರ್ಟಲ್, ಮಾಹಿತಿಗೆ ಉಚಿತ ಸಹಾಯವಾಣಿ 1800 22 7575. ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

(ಗಮನಿಸಿ: ಇಲ್ಲಿ ಹೆಸರಿಸಿದ ಕಂಪನಿಗಳು ಲೆಕ್ಕ ತಿಳಿಸಲು ಮಾತ್ರ, ಕೊಳ್ಳಿ ಅಥವಾ ಮಾರಿ ಎಂಬ ಸಲಹೆ ಅಲ್ಲ. ಷೇರುಪೇಟೆ ಹೂಡಿಕೆಯಲ್ಲಿ ಅಸಲು ನಷ್ಟವಾಗುವ ಸಾಧ್ಯತೆ ಇದೆ. ತೆರಿಗೆ ವಿಚಾರಕ್ಕೆ ನಿಮ್ಮ ಆಡಿಟರ್ ಬಳಿ ಕೇಳಿ.)